ಕಂಕರ್ ತಂಡದ ಆಲ್ಬಮ್ಮೂ ನನ್ನ ಬಲಗಿವಿಯೂ

ತಿಂಗಳಿಗೊಮ್ಮೆ ನನ್ನ ಖಾದಿ ಚೀಲವನ್ನು ಬೋರಲು ಹಾಕಿ ಕೊಡವುವುದು ನನ್ನ ರೂಢಿ. ಮೊನ್ನೆ ಕೊಡವಿದಾಗ ಸೀಮೆಸುಣ್ಣದ ಎರಡು ತುಂಡು, ಬಸ್ ಡಿಪೊ ವ್ಯವಸ್ಥಾಪಕರಿಗೆ ಬರೆದ ಮನವಿಯ ಮೂರು ಪ್ರತಿ, ಕಾಗದಕ್ಕೆ ಅಂಟಿಕೊಂಡ ಶೇಂಗಾ ಚಿಕ್ಕಿ ಒಂದು, ಇವುಗಳ ಹಿಂದೆಯೇ ಗಂಟುಗಂಟಾದ ಹಳೆಯ ಇಯರ್‌ಫೋನು ಹೊರಗೆ ಬಿತ್ತು. ಎಡಗಿವಿಯ ತುಂಡು ಬಳಸಿ ಬಳಸಿ ಸವೆದಿದೆ. ಬಲಗಿವಿಯದು ಮಾತ್ರ ಅಂಗಡಿಯಿಂದ ಈಗ ತಾನೇ ತಂದಂತೆ ಹೊಳೆಯುತ್ತಿದೆ. ಅದನ್ನು ಬೆರಳಿಗೆ ಸುತ್ತಿಕೊಂಡು ನಾನೊಬ್ಬಳೇ ನಗತೊಡಗಿದೆ. ಪಕ್ಕದ ಕೋಣೆಯಿಂದ ನಮ್ಮ ಮನೆಯವರು ಕೇಳಿದರು: "ಇವತ್ತ ಯಾರ ತಪ್ಪು ಸಿಕ್ತು?"

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಾನು ಒಂಟಿಯಾಗಿ ನಗುವುದು ಎಲ್ಲಿಯೋ ಒಂದು ತಪ್ಪು ಸಿಕ್ಕಾಗಲೇ ಎಂಬುದು ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ಅವರು ಕಂಡುಕೊಂಡ ಸತ್ಯ. ಈ ಸ್ವಭಾವಕ್ಕೆ ನಾನು ಓದಿದ ಶಾಲೆಯೇ ಹೊಣೆ. ನಿರ್ಣಾದ ಒಕ್ಕಲು ಮನೆಯಲ್ಲಿ ಹುಟ್ಟಿದ ನನ್ನನ್ನು ಹತ್ತನೆಯ ವಯಸ್ಸಿನಲ್ಲಿ ಹುಮನಾಬಾದಿನ ಒಂದು ವಸತಿ ಶಾಲೆಗೆ ಸೇರಿಸಿದರು. ಬೆತ್ತ ಹಿಡಿಯದ, ಜಾತಿ ಕೇಳದ, ಎಲ್ಲರನ್ನೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂಡಿಸುವ ಶಾಲೆ ಅದು. ಅಲ್ಲಿ ಪ್ರಾರ್ಥನೆಯಾದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಎದ್ದು ನಿಂತು, ನಿನ್ನೆ ತಾನು ಕಂಡ ಒಂದು ತಪ್ಪನ್ನು ಹೆಸರಿಸಬೇಕಾಗಿತ್ತು. ಚಹಾದ ಅಂಗಡಿಯಲ್ಲಿ ಬೇರೆ ಇಟ್ಟಿದ್ದ ಲೋಟ, ತೂಕದಲ್ಲಿ ಮೋಸ, ತಂಗಿಗೆ ಕಡಿಮೆ ಹಾಲು, ಹೀಗೆ ಏನಾದರೂ ಆದೀತು. ನಮ್ಮ ತಪ್ಪನ್ನು ನಾವೇ ಹೇಳಿಕೊಳ್ಳುವುದಕ್ಕೂ ಅವಕಾಶವಿತ್ತು, ಆದರೆ ಯಾರೂ ಬಳಸಿದ ನೆನಪಿಲ್ಲ. ಯಾವ ತಪ್ಪೂ ಕಣ್ಣಿಗೆ ಬೀಳದ ದಿನ ಹುಡುಗಿಯರು ತಮ್ಮತಮ್ಮಲ್ಲೇ ವಿನಿಮಯ ಮಾಡಿಕೊಳ್ಳುತ್ತಿದ್ದೆವು. ಎರಡು ಪೆಪ್ಪರಮಿಂಟಿಗೆ ಸಾಧಾರಣ ತಪ್ಪು ಸಿಗುತ್ತಿತ್ತು. ತಹಶೀಲ್ದಾರರದೋ ಪೋಲೀಸರದೋ ಆದರೆ ನಾಲ್ಕು ಕೊಡಬೇಕು. ನನ್ನ ಬಳಿ ಸದಾ ವಾರಕ್ಕಾಗುವಷ್ಟು ದಾಸ್ತಾನು ಇರುತ್ತಿದ್ದುದರಿಂದ ನಾನು ಕೊಳ್ಳುವವಳಲ್ಲ, ಮಾರುವವಳಾಗಿದ್ದೆ.

ಆ ವ್ಯಾಪಾರ ಇಂದಿಗೂ ನಿಂತಿಲ್ಲ. ಹುಮನಾಬಾದಿನಲ್ಲಿ ಮನೆ, ಬಸವಕಲ್ಯಾಣದ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿಯ ಕೆಲಸ, ದಿನವೂ ಬಸ್ಸಿನ ಓಡಾಟ. ಮಹಿಳೆಯರ ಆಸನದಲ್ಲಿ ಕಾಲು ಚಾಚಿ ಕುಳಿತ ಗಂಡಸರನ್ನು ಎಬ್ಬಿಸುತ್ತೇನೆ. ವಧುವಿನ ತಾಯಿಯ ಹೆಸರಿಲ್ಲದ ಲಗ್ನಪತ್ರಿಕೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂತಿರುಗಿಸುತ್ತೇನೆ. ನಾನು ಬಸ್ಸಿನ ಮೆಟ್ಟಿಲು ಹತ್ತಿದೊಡನೆ ಕಂಡಕ್ಟರ್ ಗಟ್ಟಿಯಾಗಿ ಕೂಗುತ್ತಾನೆ: "ಮೇಡಂ ಬಂದ್ರೆಪ್ಪೋ! ಹೆಣ್ಮಕ್ಕಳ ಸೀಟ್ ಖಾಲಿ ಮಾಡ್ರಿ. ಇಲ್ಲಂದ್ರ ಬರೋ ತಿಂಗಳ ಪತ್ರಿಕ್ಯಾಗ ಬರ್ತೀರಿ ನೋಡ್ರಿ!"

ಇಂಥ ನನ್ನ ಬದುಕಿನಲ್ಲಿ ರಾಕ್ ಸಂಗೀತ ಬಂದದ್ದು ಸಿದ್ಧಾರ್ಥನಿಂದ. ಆತ ನನ್ನ ಹಳೆಯ ವಿದ್ಯಾರ್ಥಿ, ಮೋರಖಂಡಿಯವನು. ಈಗ ಬಸವಕಲ್ಯಾಣದ ಫ್ಲೆಕ್ಸ್ ಮುದ್ರಣದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಇನ್ನು ಮೂವರು ಗೆಳೆಯರೊಡನೆ ಸೇರಿ 'ಕಂಕರ್', ಅಂದರೆ ಜಲ್ಲಿಕಲ್ಲು, ಎಂಬ ತಂಡ ಕಟ್ಟಿದ್ದ. ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ತತ್ತಿಯ ಟ್ರೇಗಳನ್ನು ಅಂಟಿಸಿ, ಸೋಲಾಪುರದಿಂದ ತಂದ ಹಳೆಯ ಡ್ರಮ್ಮುಗಳನ್ನು ಬಾರಿಸಿ, ಏಳು ಹಾಡುಗಳ ಆಲ್ಬಮ್ಮೊಂದನ್ನು ಸಿದ್ಧಪಡಿಸಿದರು. ಹೆಸರು 'ಎದುರಬದುರ'. ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಸಿದ್ಧಾರ್ಥ ಪೇಡೆಯ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದ.

"ಜೈಭೀಮ್ ಟೀಚರ. ಬಾಯಿ ತಗೀರಿ ಮೊದಲ. ಆಲ್ಬಮ್ ಬಂತ್ರಿ! ಕನ್ನಡದಾಗ ಆಲ್ಟರ್ನೇಟಿವ್ ರಾಕ್!"

"ಹಂಗಂದ್ರೇನೊ?"

"ಹಂಗಂದ್ರ, ಸಿನಿಮಾ ಹಾಡಿನಂಗ ಇರೋದಿಲ್ರಿ. ಮದುವಿ ಬ್ಯಾಂಡಿನಂಗೂ ಇರೋದಿಲ್ಲ."

"ಮತ್ತ ಕೇಳವರು ಯಾರು?"

"ನೀವ!"

ನನಗಾದ ಸಂಭ್ರಮವನ್ನು ಹೇಗೆ ಹೇಳಲಿ! ನಾನು ಅಕ್ಷರ ತಿದ್ದಿಸಿದ ಹುಡುಗ, ನಮ್ಮ ತಾಲ್ಲೂಕಿನ ಮಾತು, ನಮ್ಮ ತೊಗರಿ ಹೊಲ, ಅದೂ ಬೆಂಗಳೂರಿನ ಅಪ್ಪಣೆ ಕೇಳದೆ ಹುಟ್ಟಿದ ಸಂಗೀತ! ಆತನ ಎದುರಿಗೇ ಎರಡು ಪೇಡೆ ತಿಂದೆ. ಕಲಬುರಗಿಯಿಂದ ಹೊರಡುವ, ನಾನು ಖಾಯಂ ಬರೆಯುವ ಒಂದು ಮಾಸಪತ್ರಿಕೆಗೆ ಮೊದಲ ವಿಮರ್ಶೆ ನಾನೇ ಬರೆಯುತ್ತೇನೆಂದು ಮಾತು ಕೊಟ್ಟೆ. ಆ ಸಂಜೆಯೇ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಇಯರ್‌ಫೋನು ಹಾಕಿಕೊಂಡೆ.

ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಗಿಟಾರು ಶುರುವಾಯಿತು. ಮೈ ಜುಮ್ಮೆಂದಿತು. ಅದರ ನಡುವೆ ಸಿದ್ಧಾರ್ಥನ ಒಡಕು ಗಂಟಲು ಕೇಳಿತು: "ತೊಗರಿ ಬಿತ್ತಿದಾಕಿ ಯಾರ?" ಆಮೇಲೆ ಡ್ರಮ್ಮಿನ ಬಡಿತವಷ್ಟೇ, ಮಾತಿಲ್ಲ. "ಕೊಡ ಹೊತ್ತು ತಂದಾಕಿ ಯಾರ?" ಮತ್ತೆ ಬರೀ ಬಡಿತ. "ಉಳದದ್ದ ಉಂಡಾಕಿ ಯಾರ?" ಉತ್ತರವಿಲ್ಲ. ಎರಡನೆಯ ಹಾಡೂ ಹೀಗೆ, ಮೂರನೆಯದೂ ಹೀಗೆ. ಪ್ರಶ್ನೆ, ಬಿಡುವು. ಪ್ರಶ್ನೆ, ಬಿಡುವು. ನನ್ನ ಸಂಭ್ರಮ ನಿಧಾನವಾಗಿ ಇನ್ನೊಂದು ಬಗೆಯ ಸಂಭ್ರಮವಾಗಿ ಬದಲಾಯಿತು. ತಪ್ಪು ಸಿಕ್ಕ ಸಂಭ್ರಮ! ಹೆಣ್ಣುಮಕ್ಕಳ ದುಡಿಮೆಯನ್ನು ಕುರಿತ ಹಾಡುಗಳು, ಹಾಡುವವರು ನಾಲ್ವರೂ ಗಂಡಸರು. ಒಂದಾದರೂ ಹೆಣ್ಣು ದನಿ ಬೇಡವೇ? ಬಸ್ಸು ಹುಮನಾಬಾದ್ ಮುಟ್ಟುವಷ್ಟರಲ್ಲಿ ವಿಮರ್ಶೆಯ ಮೊದಲ ಪುಟ ಮನಸ್ಸಿನಲ್ಲೇ ಮುಗಿದಿತ್ತು.

'ಪ್ರಶ್ನೆ ಕೇಳುವ ಗಂಡಸರು' ಎಂಬುದು ಶೀರ್ಷಿಕೆ. ನಾದಕ್ಕೆ ಮೆಚ್ಚುಗೆ ಸೂಚಿಸಿ ಅರ್ಧ ಪುಟ, ತಪ್ಪುಗಳನ್ನು ಹೆಸರಿಸಿ ಮೂರೂವರೆ ಪುಟ. ದನಿಯಿಲ್ಲದವರ ಹೆಸರಿನಲ್ಲಿ ಹಾಡುವವರು ಅವರಿಗೆ ದನಿ ಕೊಡದಿರುವುದು ಶೋಷಣೆಯ ಹೊಸ ರೂಪವೆಂದು ಬರೆದೆ. ಪ್ರಶ್ನೆಯ ನಂತರದ ಆ ಖಾಲಿ ಜಾಗ ಈ ಪೀಳಿಗೆಯ ವೈಚಾರಿಕ ದಿವಾಳಿತನವೆಂದೂ ಬರೆದೆ. 'ಎದುರಬದುರ' ಎಂದು ಹೆಸರಿಟ್ಟ ಮೇಲೆ ಎದುರಿಗೆ ಇರುವವರು ಯಾರೆಂದು ತಿಳಿಸಬೇಕಿತ್ತು ಎಂಬುದು ನನ್ನ ಕೊನೆಯ ಏಟು. ಓದಿ ಓದಿ ನನಗೇ ಹೆಮ್ಮೆಯಾಯಿತು.

ಆಲ್ಬಮ್ಮಿಗೆ ಸಿಕ್ಕ ವಿಮರ್ಶಾ ಸ್ವಾಗತವೆಂದರೆ, ಸ್ಪಷ್ಟವಾಗಿ ಹೇಳುವುದಾದರೆ, ನನ್ನ ವಿಮರ್ಶೆಗೆ ಸಿಕ್ಕ ಸ್ವಾಗತವೇ. ನನ್ನದನ್ನು ಓದಿದ ಪ್ರಾಧ್ಯಾಪಕರೊಬ್ಬರು ದಿನಪತ್ರಿಕೆಯ ಪುರವಣಿಯಲ್ಲಿ ಬೇರೆಯದೇ ವಾದ ಹೂಡಿದರು. ಆ ಖಾಲಿ ಜಾಗ ದಿವಾಳಿತನವಲ್ಲ, ಅದೇ ಈ ಕೃತಿಯ ಜೀವಾಳ, ಅಲ್ಲಿರುವುದು ತತ್ತ್ವಜ್ಞಾನಿಯ ಮೌನ ಎಂದರು. ಇನ್ನೊಬ್ಬರು ಅದನ್ನು ಓದಿ, ಮೌನ ಇನ್ನಷ್ಟು ದೀರ್ಘವಾಗಬೇಕಿತ್ತೆಂದು ಆಕ್ಷೇಪಿಸಿದರು. ಮೂರನೆಯವರು ಮೌನವನ್ನು ಗಡಿನಾಡಿನ ಅನಾಥಪ್ರಜ್ಞೆಗೆ ಜೋಡಿಸಿದರು. ಇಷ್ಟು ಜನರಲ್ಲಿ ಆಲ್ಬಮ್ಮನ್ನು ಕೇಳಿದವರು ಯಾರು ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಅವರೆಲ್ಲರೂ ನನ್ನ ಹೆಸರನ್ನು ಉಲ್ಲೇಖಿಸಿದ್ದರು, ನನಗೆ ಅಷ್ಟೇ ಸಾಕಾಗಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಿದ್ಧಾರ್ಥ ಶಿಕ್ಷಕರ ಕೋಣೆಗೆ ಬಂದ. ಕೈಯಲ್ಲಿ ಪೇಡೆಯಿರಲಿಲ್ಲ, ಸುರುಳಿ ಸುತ್ತಿದ ಮಾಸಪತ್ರಿಕೆ ಇತ್ತು.

"ಟೀಚರ, ಖರೆ ಹೇಳ್ರಿ. ಆಲ್ಬಮ್ ಕೇಳೀರೇನು?"

"ಕೇಳದ ಬರಿಯಾಕಿ ಏನೊ ನಾ?"

"ಹೆಣ್ಣ ದನಿ ಒಂದೂ ಇಲ್ಲಂತ ಬರದೀರಿ. ಎಂಟ್ ಮಂದಿ ಅದಾರ್ರಿ ಅದರಾಗ! ನಮ್ಮ ದೊಡ್ಡವ್ವ ಅದಾಳ!"

"ಅದಾರ ಅಂದ್ರ ನನಗ ಯಾಕ ಕೇಳ್ಸಲಿಲ್ಲ? ಕೇಳ್ಸಲಾರದಷ್ಟು ಸಣ್ಣಗ ಇಟ್ಟೀಯಂದ್ರ ಅದು ಇನ್ನೂ ದೊಡ್ಡ ತಪ್ಪು, ಸಿದ್ಧಾರ್ಥ."

ಆತ ತಲೆ ಹಿಡಿದುಕೊಂಡು ಕುಳಿತ. ನಂತರ ಹೇಳಿದ ಸಂಗತಿ ಇದು. ಅವನ ದೊಡ್ಡವ್ವ ಚಂದ್ರಾಬಾಯಿ, ಮೋರಖಂಡಿಯಲ್ಲಿ ಕೂಲಿ ಹೆಂಗಸರ ಗುಂಪನ್ನು ನಡೆಸುವವಳು. ಆಕೆ ಮತ್ತು ಇನ್ನೂ ಏಳು ಜನ ಊರಿನ ಬುದ್ಧವಿಹಾರದಲ್ಲಿ ಕುಳಿತು ಈ ಆಲ್ಬಮ್ಮಿಗೆ ಹಾಡಿದ್ದರು. ಹಿಂದೆ ಯಾರೋ ಜಾನಪದ ಸಂಗ್ರಹಕ್ಕೆಂದು ಬಂದವರು ಇವರ ಹಾಡುಗಳನ್ನು ಯಂತ್ರದಲ್ಲಿ ತುಂಬಿಕೊಂಡು ಹೋಗಿದ್ದರಂತೆ. ಕ್ಯಾಸೆಟ್ಟು ಬಂದಾಗ ಹಾಡು ಇವರದು, ದನಿ ಪಟ್ಟಣದ ಗಾಯಕಿಯೊಬ್ಬಳದು. ಆ ಗಾಯ ಒಳಗೇ ಇತ್ತು. ಈಗ ಅವಳ ಮಗಳು ನನ್ನ ವಿಮರ್ಶೆಯನ್ನು ಓದಿ ಹೇಳಿದ ಮೇಲೆ ಚಂದ್ರಾಬಾಯಿ ಸಿದ್ಧಾರ್ಥನೊಡನೆ ಮಾತೇ ಬಿಟ್ಟಿದ್ದಳು.

"ನನ್ನ ಫೋನಿನ್ಯಾಗ ಕೇಳ್ಸಿದೆನ್ರಿ. 'ನನಗ ಕೇಳ್ಸಾಕ ಬ್ಯಾರೆ ಮಾಡೀರಿ, ಊರಿಗಿ ಕೇಳ್ಸಾಕ ಬ್ಯಾರೆ ಮಾಡೀರಿ' ಅಂತಾಳ. 'ಅಕ್ಕೋರು ಅಚ್ಚಿನ್ಯಾಗ ಸುಳ್ಳ ಬರೀತಾರೇನೊ? ನೀನೂ ಆ ಕ್ಯಾಸೆಟ್ಟಿನವರಂಗ ನಮ್ಮನ್ನ ಕತ್ತರಿಸಿ ಒಗದಿ' ಅಂತ ಅತ್ಲು. ಬರೋ ಆಯ್ತವಾರ ಹುಮನಾಬಾದಿನ್ಯಾಗ ನಮ್ಮ ಮೊದಲ್ನೇ ಪ್ರೋಗ್ರಾಮ್ ಅದ. ಎಂಟೂ ಮಂದಿ ಬರಂಗಿಲ್ಲ ಅಂತಾರ. ಅವರಿಲ್ಲಂದ್ರ ನಾವೇನು ಹಾಡೋದ್ರಿ, ಟೀಚರ? ನೀವು ಬರದ ಆ ಖಾಲಿ ಜಾಗಾ?"

ಫೋನನ್ನು ನನ್ನ ಮುಂದೆ ಹಿಡಿದ. ಅಷ್ಟರಲ್ಲಿ ಗಂಟೆ ಬಾರಿಸಿತು. ಪಾಠವಿದೆ ಎಂದು ಎದ್ದುಬಿಟ್ಟೆ. ಹತ್ತನೆಯ ತರಗತಿಯಲ್ಲಿ ಆ ದಿನ ನಾನು ಏನು ಪಾಠ ಮಾಡಿದೆನೋ ನನಗೆ ತಿಳಿಯದು. ಮಕ್ಕಳಿಗೂ ತಿಳಿದಿರಲಾರದು.

ಆ ಸಂಜೆ ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗಿರುವ ರಫೀಕನ ಮೊಬೈಲ್ ಅಂಗಡಿಗೆ ಹೋದೆ. ನನ್ನ ಫೋನಿನ ದನಿ ಕುಂದಿದೆ, ಕಂಪನಿಯ ವಿರುದ್ಧ ದೂರು ಕೊಡುವುದಕ್ಕೆ ನಿನ್ನ ಸಾಕ್ಷಿ ಬೇಕು ಎಂದೆ. ರಫೀಕ ಇಯರ್‌ಫೋನನ್ನು ತನ್ನ ಕಿವಿಗಳಿಗೆ ಹಾಕಿಕೊಂಡು ಪರೀಕ್ಷಿಸಿದ.

"ಎಲ್ಲಾ ಬರೋಬ್ಬರಿ ಅದ ಮೇಡಂ. ನೀವು ಹ್ಯಾಂಗ ಕೇಳ್ತೀರಿ ಜರಾ ತೋರಸ್ರಿ."

ನಾನು ಎಡಗಿವಿಗೆ ಒಂದನ್ನು ಸಿಕ್ಕಿಸಿ, ಬಲಗಡೆಯದನ್ನು ಎಂದಿನಂತೆ ಎದೆಯ ಮೇಲೆ ಇಳಿಬಿಟ್ಟೆ.

"ಇನ್ನೊಂದ್ರಿ?"

"ಅದು ಹಾಕ್ಕೊಳ್ಳಂಗಿಲ್ಲ. ಬಸ್ಸಿನ್ಯಾಗ ಆ ಕಿವಿ ಬೇಕಾಗ್ತದ."

"ಯಾತಕ್ಕರಿ?"

"ಅನ್ಯಾಯ ಕೇಳಾಕ."

ರಫೀಕ ಒಂದು ಕ್ಷಣ ನನ್ನನ್ನೇ ನೋಡಿದ. ಹುಡುಗನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ಈಗ ಅಂಗಡ್ಯಾಗ ಅನ್ಯಾಯ ಏನೂ ನಡ್ಯಾಕತ್ತಿಲ್ರಿ. ಹಾಕ್ಕೋರಿ."

ಹಾಕಿಕೊಂಡೆ. ಅದೇ ಮೊದಲ ಹಾಡನ್ನು ಒತ್ತಿದೆ. ಎಡಗಡೆಯಿಂದ ಸಿದ್ಧಾರ್ಥ ಕೇಳಿದ, "ತೊಗರಿ ಬಿತ್ತಿದಾಕಿ ಯಾರ?"

ಬಲಗಡೆಯಿಂದ ಎಂಟು ಹೆಂಗಸರು, ಹೊಲದ ಬಿಸಿಲಿನಲ್ಲಿ ಕಾದ ಗಂಟಲುಗಳು, ನನ್ನ ತಲೆಯೊಳಗೇ ಬಂದು ನಿಂತಂತೆ ಕೂಗಿದರು: "ನಾನ ಯವ್ವಾ, ನಾನ!"

ಓದುಗರೇ, ದನಿಯನ್ನು ಪೂರ್ತಿ ಏರಿಸಿದೆ. "ಕೊಡ ಹೊತ್ತು ತಂದಾಕಿ ಯಾರ?" "ನಾನ ಯವ್ವಾ, ನಾನ!" ಖಾಲಿ ಜಾಗವೇ ಇರಲಿಲ್ಲ! ನಾನು ದಿವಾಳಿತನವೆಂದು ಕರೆದದ್ದು, ಪ್ರಾಧ್ಯಾಪಕರು ತತ್ತ್ವವೆಂದು ಕರೆದದ್ದು, ಎಲ್ಲವೂ ತುಂಬಿ ತುಳುಕುತ್ತಿತ್ತು. ಚಪ್ಪಾಳೆ, ಬಳೆಯ ಸದ್ದು, ಯಾರದೋ ನಗು, ಹಿಂದೆ ಎಲ್ಲಿಯೋ ಒಂದು ಆಡಿನ ಕೂಗು ಕೂಡ. ಹುಡುಗರು ಎಡಕ್ಕೆ, ಹೆಂಗಸರು ಬಲಕ್ಕೆ. ನಾನು ಅರ್ಧ ಜಗತ್ತನ್ನು ಕುಪ್ಪಸದ ಮೇಲೆ ನೇತುಹಾಕಿಕೊಂಡು ಉಳಿದರ್ಧದ ಮೇಲೆ ತೀರ್ಪು ಬರೆದಿದ್ದೆ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಸತ್ಯ ಹೇಳಿಬಿಡುತ್ತೇನೆ. ನಾಚಿಕೆಗಿಂತ ಮೊದಲು ಬಂದದ್ದು ಕುಣಿಯಬೇಕೆನ್ನುವ ಆಸೆ. "ರಫೀಕಾ, ಕೇಳಿಲ್ಲಿ, ಕೇಳಿಲ್ಲಿ!" ಎಂದು ಒಂದು ತುಂಡನ್ನು ಅವನಿಗೆ ಕೊಡಲು ಹೋದೆ. "ಬ್ಯಾಡ್ರಿ ಮೇಡಂ," ಎಂದ ಅವನು ಹಿಂದೆ ಸರಿದು. "ಒಂದ ಕಿವಿಗಿ ಹಾಕ್ಕೊಂಡಿದ್ದಕ್ಕ ಇಷ್ಟೆಲ್ಲಾ ಆಗ್ಯಾದ ಅಂತ ಕಾಣ್ತದ. ಎರಡೂ ನೀವ ಇಟ್ಕೋರಿ."

ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತು ಏಳೂ ಹಾಡುಗಳನ್ನು ಕೇಳಿದೆ. ಕೇಳುತ್ತ ಕೇಳುತ್ತ ನಿರ್ಣಾದ ನಮ್ಮ ತೊಗರಿ ಹೊಲ ಎದ್ದುಬಂತು. ಈ ಹಾಡಿನ ರೀತಿ ನನಗೆ ಗೊತ್ತಿತ್ತು! ಮಳೆಗಾಲದಲ್ಲಿ ಕಸ ತೆಗೆಯುವ ಹೆಂಗಸರು ಎರಡು ಪಾಳಿಯಾಗಿ ಹೊಲದ ಎರಡು ತುದಿಗಳಿಂದ ಶುರುಮಾಡುತ್ತಿದ್ದರು. ಒಂದು ತುದಿಯವರು ಕೇಳುವರು, ಇನ್ನೊಂದು ತುದಿಯವರು ಉತ್ತರಿಸುವರು. ದೂರವಿದ್ದಾಗ ಕೂಗಿ ಕೂಗಿ ಹಾಡಬೇಕು. ಸಮೀಪಿಸಿದಂತೆ ದನಿ ತಗ್ಗುವುದು. ಹೊಲದ ನಡುವೆ ಎರಡು ಪಾಳಿಗಳೂ ಎದುರಬದುರ ಬಂದು ಸೇರಿದಾಗ ಹಾಡು ಮುಗಿಯುವುದು, ನೀರು ಕುಡಿಯುವ ಹೊತ್ತಾಗುವುದು. ನಾನು ಬದುವಿನ ಮೇಲೆ ಬುತ್ತಿಯ ಬುಟ್ಟಿಯ ಪಕ್ಕ ಕುಳಿತಿರುತ್ತಿದ್ದೆ. ಮಾಲೀಕರ ಮಗಳು ಕೆಳಗಿಳಿಯುವಂತಿರಲಿಲ್ಲ. ರೊಟ್ಟಿಯ ಬಟ್ಟೆಯ ವಾಸನೆ, ಹಸಿ ಎರೆಮಣ್ಣಿನ ವಾಸನೆ, ಎರಡು ತುದಿಗಳಿಂದ ಬರುವ ಹಾಡು.

ಆ ಹಾಡಿನಲ್ಲಿ ಒಂದು ಕಟ್ಟಳೆಯಿತ್ತು. ನಡುವೆ ಹೆಂಗಸರು ಹೊಸ ಪ್ರಶ್ನೆಯೊಂದನ್ನು ಹೆಣೆದು ಹೊಲದ ಒಡೆಯನನ್ನೇ ಚುಚ್ಚಬಹುದಿತ್ತು. ಆಗ ಎದುರಿನ ಪಾಳಿ ಉತ್ತರಿಸುವಂತಿಲ್ಲ, ಯಾರಿಗೆ ತಾಗಿತೋ ಅವರೇ ಹಾಡಿ ಒಪ್ಪಿಕೊಳ್ಳಬೇಕು. ಒಪ್ಪುವ ತನಕ ಎರಡು ಪಾಳಿಗಳೂ ಕಸ ತೆಗೆಯುವ ಕುರ್ಚಿಗೆಗಳನ್ನು ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದವು. "ಕೈಗಡಿಯಾರ ನೋಡಿ ನೋಡಿ ಹೊತ್ತ ಮುಣುಗದಂಗ ಹಿಡದಾಂವ ಯಾರ?" ಎಂದು ಒಮ್ಮೆ ಕೇಳಿದ್ದರು. ನನ್ನ ಅಪ್ಪ ರುಮಾಲು ಸರಿಪಡಿಸಿಕೊಂಡು ಬದುವಿನ ಮೇಲಿಂದ ಹಾಡಿದ್ದ: "ನಾನ ಯವ್ವಾ, ನಾನ!" ಅಪ್ಪನ ಒಡೆತನದ ದರ್ಪವನ್ನು ಕುರಿತು ನಾನು ಎರಡು ಲೇಖನ ಬರೆದಿದ್ದೇನೆ. ಅಂದು ಆ ಹೆಂಗಸರಿಗೆ ನಮ್ಮ ಮನೆಯವರು ನೀರನ್ನು ಮೇಲಿನಿಂದ ಸುರಿಯುತ್ತಿದ್ದುದನ್ನೂ ಅವುಗಳಲ್ಲಿ ದಾಖಲಿಸಿದ್ದೇನೆ, ಅದನ್ನು ಇಂದೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಪ್ಪ ಹಾಡಿದ್ದು ಆ ಎರಡೂ ಲೇಖನಗಳಲ್ಲಿ ಇಲ್ಲ.

ತಿದ್ದುಪಡಿಯೇನೋ ಕಳುಹಿಸಿದೆ. ಆದರೆ ಮಾಸಪತ್ರಿಕೆ ಹೊರಬರುವುದು ಮುಂದಿನ ತಿಂಗಳು, ಕಾರ್ಯಕ್ರಮ ಮೂರೇ ದಿನದಲ್ಲಿ. ಮರುದಿನ ರಜೆ ಹಾಕಿ ಮೋರಖಂಡಿಗೆ ಹೋದೆ. ಚಂದ್ರಾಬಾಯಿ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎತ್ತರದ ಹೆಂಗಸು, ಹಣೆಯ ಮೇಲೆ ಹಸಿರು ಹಚ್ಚೆ. ಚಾಪೆ ಹಾಸಿ ಕೂಡಿಸಿದಳು, ಚಹಾ ಕೊಟ್ಟಳು. ನಾನು ಬಂದ ಕಾರಣ ಹೇಳಿ, ಇಯರ್‌ಫೋನಿನ ಎರಡೂ ತುಂಡುಗಳನ್ನು ಅವಳ ಕಿವಿಗಳಿಗೆ ಸಿಕ್ಕಿಸಿದೆ. ಕೇಳಿದಳು. ಮುಖದಲ್ಲಿ ಏನೂ ತೋರಲಿಲ್ಲ.

"ಇದು ನಿಮ್ಮ ಫೋನಿನ್ಯಾಗ ಇದ್ದದ್ದೇನ್ರಿ ಅಕ್ಕೋರ? ಸಿದ್ದು ತುಂಬಿದ್ದಲ್ಲಲ್ಲ?"

"ಇಲ್ಲವ್ವ. ಊರಿಗೆಲ್ಲ ಹೋಗಿದ್ದು ಇದ. ನಿಮ್ಮ ದನಿ ಯಾರೂ ಕತ್ತರಿಸಿಲ್ಲ. ನಾನ ಅರ್ಧಾ ಕೇಳೀನಿ."

ನನ್ನ ಬಲಗಿವಿಯ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಬಸ್ಸಿನ ಅನ್ಯಾಯಗಳು, ಮಹಿಳೆಯರ ಆಸನ, ಜನರ ಕಷ್ಟಕ್ಕಾಗಿ ಸದಾ ತೆರೆದಿಟ್ಟ ಕಿವಿ. ಹೇಳುತ್ತ ಹೋದಂತೆ ಅದು ತಪ್ಪೊಪ್ಪಿಗೆಗಿಂತ ಸನ್ಮಾನಪತ್ರದಂತೆ ಕೇಳಿಸತೊಡಗಿತು. ಚಂದ್ರಾಬಾಯಿ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

"ಅದು ಖರೆ ಇರಬೇಕ್ರಿ. ಆದ್ರ ಕಡೀ ಹಾಡಿನ್ಯಾಗ ಎರಡೂ ಪಾಳಿ ನಡುವ ಬಂದು ಕೂಡ್ತಾವಲ್ರಿ? ಸಿದ್ದು ಹೇಳ್ಯಾನ, ಅದು ಎರಡೂ ಕಿವ್ಯಾಗ ಕೇಳ್ತದಂತ. ಅಲ್ಲ್ಯಾರ ನಮ್ಮ ದನಿ ಬರ್ಲಿಲ್ಲೇನ್ರಿ ನಿಮಗ?"

ಜೋಳ ಮೊರದಲ್ಲಿ ಸರ್ರನೆ ಸರಿಯಿತು.

ಓದುಗರೇ, ಇದನ್ನು ನಾನು ನಿಮಗೂ ಇದುವರೆಗೆ ಹೇಳಿರಲಿಲ್ಲ. ಏಳನೆಯ ಹಾಡಿನಲ್ಲಿ ಹೆಂಗಸರ ದನಿ ಬಲಗಡೆಯಿಂದ ಮೆಲ್ಲಗೆ ನಡೆದು ಬಂದು ಎಡಗಿವಿಯಲ್ಲೂ ತುಂಬಿಕೊಳ್ಳುತ್ತದೆ. ಒಂದೇ ಕಿವಿಯವಳಿಗೂ ಅದು ಕೇಳಲೇಬೇಕು. ಆದರೆ ವಿಮರ್ಶೆ ಬರೆದಾಗ ನಾನು ಕೇಳಿದ್ದು ಆರೇ ಹಾಡು. ಆರನೆಯದು ಮುಗಿಯುವುದಕ್ಕೂ ಬಸ್ಸು ಹುಮನಾಬಾದಿನ ನಿಲ್ದಾಣ ಸೇರುವುದಕ್ಕೂ ಸರಿಹೋಯಿತು. ತೀರ್ಪು ಸಿದ್ಧವಾಗಿತ್ತು. ಇಯರ್‌ಫೋನನ್ನು ಸುತ್ತಿ ಚೀಲಕ್ಕೆ ಹಾಕಿ ಇಳಿದುಬಿಟ್ಟಿದ್ದೆ.

"ಏಳ್ನೇದು ನಾ ಕೇಳಿರಲಿಲ್ಲವ್ವ. ಆರು ಮುಗಿಯೋದ್ರಾಗ ಊರು ಬಂತು, ಬಸ್ಸಿಳಿದು ಹೋದೆ," ಎಂದೆ. ಸನ್ಮಾನಪತ್ರ ಮಡಚಿಕೊಂಡಿತು.

ಅವಳು ಬೈಯಲಿಲ್ಲ. "ಅರ್ಧಾ ಹೊಲಾ ಕಸಾ ತಗದು ಎದ್ದು ನಡದ್ರ ನಮಗ ಯಾರ ಸುಮ್ನ ಬಿಡ್ತಾರೇನ್ರಿ?" ಎಂದಳು, ಹವಾಮಾನದ ಮಾತಾಡುವಷ್ಟು ಸಹಜವಾಗಿ. ಭಾನುವಾರ ಬರುತ್ತೀರಾ ಎಂದು ಕೇಳಿದೆ. ಸಿದ್ಧಾರ್ಥನದೇನೂ ತಪ್ಪಿಲ್ಲವೆಂದು ಎರಡು ಬಾರಿ ಹೇಳಿದೆ. "ಸಿದ್ದೂಗ ನಾ ಸಂಜಿಕ ರೊಟ್ಟಿಗಿ ಕರೀತೀನ್ರಿ. ಬರೋದು ಎಂಟೂ ಮಂದಿ ಕೂಡಿ ಮಾತಾಡಬೇಕು. ನೋಡ್ತೀವ್ರಿ," ಎಂದಷ್ಟೇ ಹೇಳಿ ನನ್ನನ್ನು ಬಸ್ಸಿಗೆ ಕಳುಹಿಸಿದಳು.

ಭಾನುವಾರ ನಾಲ್ಕು ಗಂಟೆಗೆ ಹುಮನಾಬಾದಿನ ಫಂಕ್ಷನ್ ಹಾಲು ಕಿಕ್ಕಿರಿದಿತ್ತು. ಕಾಲೇಜು ಹುಡುಗರು, ಬಸವಕಲ್ಯಾಣದಿಂದ ಒಂದು ಟೆಂಪೋ ತುಂಬಾ ನನ್ನ ವಿದ್ಯಾರ್ಥಿಗಳು, ಅಂಗಡಿಗೆ ಬೀಗ ಹಾಕಿ ಬಂದ ರಫೀಕ. ಮುಂದಿನ ಸಾಲಿನಲ್ಲಿ, ಮೌನದ ಮೇಲೆ ಪುರವಣಿಯಲ್ಲಿ ಬರೆದ ಪ್ರಾಧ್ಯಾಪಕರು. ಆ ಮೌನವನ್ನು ನೇರವಾಗಿ ಕೇಳಲು ಕಲಬುರಗಿಯಿಂದ ಬಂದಿದ್ದೇನೆಂದು ನನಗೆ ಹೇಳಿದರು. ನನ್ನ ಕಣ್ಣು ವೇದಿಕೆಯ ಮೇಲಿತ್ತು. ಎಡಗಡೆ ನಾಲ್ವರು ಹುಡುಗರು. ಬಲಗಡೆ ಎಂಟು ಮೈಕುಗಳು, ಖಾಲಿ ಜಮಖಾನೆ. ಚಂದ್ರಾಬಾಯಿ ರೊಟ್ಟಿಗೆ ಕರೆದಿದ್ದಳು, ಉಣ್ಣಿಸಿದ್ದಳು, ಬರುವ ವಿಷಯ ಮಾತ್ರ ಎತ್ತಿರಲಿಲ್ಲವೆಂದು ಸಿದ್ಧಾರ್ಥ ಬೆಳಗ್ಗೆ ಹೇಳಿದ್ದ. ಅರ್ಧ ಗಂಟೆ ಕಾದರು. ಜನ ಸೀಟಿ ಹೊಡೆಯತೊಡಗಿದರು. ಸಿದ್ಧಾರ್ಥ ಖಾಲಿ ಜಮಖಾನೆಯನ್ನೊಮ್ಮೆ ನೋಡಿ, ಗಿಟಾರಿನ ತಂತಿಗೆ ಬೆರಳು ಹಾಕಿದ.

"ತೊಗರಿ ಬಿತ್ತಿದಾಕಿ ಯಾರ?"

ಡ್ರಮ್ಮಿನ ಬಡಿತ. ಪ್ರಾಧ್ಯಾಪಕರು ಕಣ್ಣು ಮುಚ್ಚಿ ತಲೆದೂಗಿದರು.

"ನಾನ ಯವ್ವಾ, ನಾನ!"

ದನಿ ಬಂದದ್ದು ವೇದಿಕೆಯಿಂದಲ್ಲ, ಸಭಾಂಗಣದ ಹಿಂದಿನ ಬಾಗಿಲಿನಿಂದ. ಪ್ರಾಧ್ಯಾಪಕರು ಬೆಚ್ಚಿ ಕಣ್ಣು ತೆರೆದರು. ಇಡೀ ಸಭೆ ತಿರುಗಿತು. ಸೆರಗು ಕಟ್ಟಿ, ಬರಿಗಾಲಿನಲ್ಲಿ, ಎಂಟು ಜನ ಹೆಂಗಸರು ಕುರ್ಚಿಗಳ ನಡುವಿನ ದಾರಿಯಲ್ಲಿ ಹಾಡುತ್ತ ನಡೆದುಬರುತ್ತಿದ್ದರು. ಮೈಕಿನ ಹಂಗೇ ಅವರಿಗಿರಲಿಲ್ಲ. ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಿಸಿ ಪಳಗಿದ ಗಂಟಲುಗಳು. ಸಭಾಂಗಣದ ತಗಡಿನ ಸೂರು ಅದುರಿತು, ಹುಡುಗರು ಕುರ್ಚಿ ಹತ್ತಿದರು, ನನ್ನ ಪಕ್ಕದ ಗಣಿತ ಶಿಕ್ಷಕಿ ನನ್ನ ಮುಂಗೈ ಹಿಸುಕಿ ಬಳೆಯೊಂದನ್ನು ಒಡೆದೇಬಿಟ್ಟಳು. ಸಿದ್ಧಾರ್ಥ ಅಳುತ್ತಿದ್ದನೋ ನಗುತ್ತಿದ್ದನೋ, ಗಿಟಾರು ಮಾತ್ರ ತಪ್ಪಲಿಲ್ಲ. ಆರು ಹಾಡುಗಳು ಹೇಗೆ ಹೋದವೋ ತಿಳಿಯಲಿಲ್ಲ.

ಏಳನೆಯದು ಶುರುವಾಯಿತು. ಎರಡೂ ಪಾಳಿಗಳು ವೇದಿಕೆಯ ಎರಡು ತುದಿಗಳಿಂದ ಹೆಜ್ಜೆ ಹಾಕುತ್ತ ನಡುವಿಗೆ ಬರತೊಡಗಿದವು. ಇನ್ನು ನಾಲ್ಕು ಹೆಜ್ಜೆ ಉಳಿದಿರುವಾಗ ಚಂದ್ರಾಬಾಯಿ ಕೈ ಎತ್ತಿದಳು. ಬಡಿತ ನಿಂತಿತು. ಅವಳು ಜನರತ್ತ ತಿರುಗಿ, ಅದೇ ಮಟ್ಟಿನಲ್ಲಿ, ಯಾರೂ ಅಭ್ಯಾಸ ಮಾಡಿರದ ಹೊಸ ಸಾಲೊಂದನ್ನು ಹಾಡಿದಳು:

"ಆರು ಹಾಡ ಕೇಳಿ ಎದ್ದು ಬಸ್ಸಿಳಿದು ಹೋದಾಕಿ ಯಾರ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅವರು ಉತ್ತರಿಸುವಂತಿರಲಿಲ್ಲ. ಹೆಂಗಸರು ಉತ್ತರಿಸಲಿಲ್ಲ. ಅವರ ಹದಿನಾರು ಕಾಲುಗಳು ಇದ್ದಲ್ಲೇ ನಿಂತವು. ಚಂದ್ರಾಬಾಯಿ ನನ್ನತ್ತ ನೋಡಲಿಲ್ಲ, ಆಕೆಗೆ ಅವಸರವೇ ಇರಲಿಲ್ಲ. ನಾನು ಭಾಷಣ ಮಾಡಬಲ್ಲೆ, ಮನವಿ ಬರೆಯಬಲ್ಲೆ, ಘೋಷಣೆ ಕೂಗಬಲ್ಲೆ. ಹಾಡು ನನ್ನಿಂದ ಆಗದ ಕೆಲಸ. ಎದ್ದು ನಿಂತೆ. ಶುರುಮಾಡಿದ್ದು ಬಹಳ ಮೇಲಾಯಿತು, ನಡುವೆ ಬಿರುಕುಬಿಟ್ಟಿತು, ಕೊನೆಯಲ್ಲಿ ದಾರಿ ತಪ್ಪಿ ಬೇರೆಲ್ಲಿಗೋ ಇಳಿಯಿತು.

"ನಾನ ಯವ್ವಾ, ನಾನ!"

ನನ್ನ ವಿದ್ಯಾರ್ಥಿಗಳು ಚೀರಿದರು. ಚಂದ್ರಾಬಾಯಿ ಈಗ ನನ್ನ ಕಡೆ ತಿರುಗಿ, ಹಲ್ಲು ಕಾಣುವಂತೆ ನಕ್ಕು, ಪಾಳಿಗೆ ತಲೆಯಾಡಿಸಿದಳು. ಎಂಟೂ ಜನ ನನ್ನ ಸಾಲನ್ನು ಎತ್ತಿಕೊಂಡರು. ನಾನು ಏರಿಸಿದಲ್ಲಿ ಏರಿಸಿ, ನನ್ನ ದನಿ ಒಡೆದಲ್ಲೇ ಒಡೆದು, ನಾನು ದಾರಿ ತಪ್ಪಿದಲ್ಲಿ ಒಂದಕ್ಷರವೂ ಬಿಡದೆ ದಾರಿ ತಪ್ಪಿ, ಹಾಡಿಕೊಂಡೇ ಉಳಿದ ನಾಲ್ಕು ಹೆಜ್ಜೆಗಳನ್ನು ನಡೆದರು.